ಹೋಟೆಲಿನ ಉಚಿತ ವೈಫೈ: ಸೇರುವುದು ಹೇಗೆ, ಎಚ್ಚರ ಎಲ್ಲಿ?

ಸೊಲ್ಲಾಪುರದಿಂದ ಕಲಬುರಗಿ ಕಡೆಗೆ ಹೋಗುವ ರೈಲು ಅಕ್ಕಲಕೋಟ ರೋಡ್ ದಾಟಿದ ಮೇಲೆ ಬರುವ ನಿಲ್ದಾಣ ನಾಗಣಸೂರ. ಆಡಳಿತ ಮಹಾರಾಷ್ಟ್ರದ್ದು, ಮನೆಮಾತು ಕನ್ನಡ. ಕಾಲೇಜು, ದೊಡ್ಡ ದವಾಖಾನೆ, ಸರಕಾರಿ ಕೆಲಸ, ಮದುವೆಯ ಬಟ್ಟೆ ಅಂದರೆ ಇಲ್ಲಿಯವರು ಅಕ್ಕಲಕೋಟಕ್ಕೋ ಸೊಲ್ಲಾಪುರಕ್ಕೋ ಹೋಗಲೇಬೇಕು. ಹೋದಮೇಲೆ ರಿಪೋರ್ಟ್ ಬರುವತನಕ, ಎಸ್‌ಟಿ ಬಸ್ಸು ಬರುವತನಕ, ಸಂಜೆಯ ಗಾಡಿ ಹೊರಡುವತನಕ ಕಾಯುವುದೂ ತಪ್ಪಿದ್ದಲ್ಲ. ಅಂಥ ಹೊತ್ತಿನಲ್ಲಿ ಮೊಬೈಲಿನ ಆ ದಿನದ ಡೇಟಾ ಮುಗಿದಿರುತ್ತದೆ, ಇಲ್ಲವೇ ದಪ್ಪ ಗೋಡೆಯ ಕಟ್ಟಡದೊಳಗೆ ಸಿಗ್ನಲ್ ಸಿಗುವುದಿಲ್ಲ. ಎದುರಿನ ಬರ್ಗರ್–ಪಿಜ್ಜಾ ಅಂಗಡಿಯ ಗಾಜಿನ ಮೇಲೆ ‘ಫ್ರೀ ವೈಫೈ’ ಎಂಬ ಚೀಟಿ ಕಾಣುತ್ತದೆ.

ಅದನ್ನು ಬಳಸಬೇಕೋ ಬೇಡವೋ ಎಂಬ ವಿಷಯದಲ್ಲಿ ಜನರಲ್ಲಿ ಎರಡು ಬಗೆ. ಸಿಕ್ಕಿದ್ದಕ್ಕೆಲ್ಲ ಸೇರಿಕೊಂಡು, ಕೇಳಿದ್ದನ್ನೆಲ್ಲ ತುಂಬಿ ಕೊಡುವವರು ಒಂದು ಬಗೆ. ವೈಫೈ ಮುಟ್ಟಿದರೆ ಬ್ಯಾಂಕಿನ ಹಣವೇ ಹೋಗುತ್ತದೆಂದು ದೂರ ಸರಿಯುವವರು ಇನ್ನೊಂದು ಬಗೆ. ಇಬ್ಬರಿಗೂ ನಷ್ಟವಿದೆ. ವೈಫೈ ಎಂಬುದು ಇಂಟರ್‌ನೆಟ್ಟಿಗೆ ಹೋಗುವ ದಾರಿ ಮಾತ್ರ. ಆ ದಾರಿ ಹೇಗೆ ಕೆಲಸ ಮಾಡುತ್ತದೆ, ಅಪಾಯ ಯಾವ ತಿರುವಿನಲ್ಲಿದೆ ಎಂಬುದು ತಿಳಿದರೆ ಯಾರು ಬೇಕಾದರೂ ನೆಮ್ಮದಿಯಿಂದ ಬಳಸಬಹುದು.

ಎಲ್ಲೆಲ್ಲಿ ಸಿಗುತ್ತದೆ?

ಮೊದಲನೆಯದು ಹೋಟೆಲು, ಕೆಫೆ, ಫಾಸ್ಟ್‌ಫುಡ್ ಅಂಗಡಿ. ಈ ರೂಢಿ ಜೋರಾಗಿ ಬೆಳೆದದ್ದು ಅಮೆರಿಕದಲ್ಲಿ. ಮೆಕ್‌ಡೊನಾಲ್ಡ್ಸ್ ಮತ್ತು ಸ್ಟಾರ್‌ಬಕ್ಸ್ ಎರಡೂ 2010ರಲ್ಲಿ ಅಲ್ಲಿನ ತಮ್ಮ ಮಳಿಗೆಗಳಲ್ಲಿ ವೈಫೈಯನ್ನು ಪುಕ್ಕಟೆ ಮಾಡಿದವು. ಆಮೇಲೆ ಅದು ಜಗತ್ತಿನ ಹಲವು ಊರುಗಳ ಹೋಟೆಲುಗಳಿಗೂ ಹಬ್ಬಿತು. ನಮ್ಮ ಕಡೆ ಈಗ ಸಣ್ಣ ಹೋಟೆಲಿನಲ್ಲೂ ಫೈಬರ್ ಬ್ರಾಡ್‌ಬ್ಯಾಂಡ್ ಇರುತ್ತದೆ. ಬಿಲ್ಲಿಂಗ್ ಮಷಿನ್, ಸಿಸಿ ಕ್ಯಾಮೆರಾ, ಆನ್‌ಲೈನ್ ಆರ್ಡರ್ ಎಲ್ಲಕ್ಕೂ ಅದು ಬೇಕು. ಅದೇ ಸಂಪರ್ಕದ ಒಂದು ಪಾಲನ್ನು ಗಿರಾಕಿಗಳಿಗೆ ಬಿಡುತ್ತಾರೆ.

ಎರಡನೆಯದು ರೈಲ್ವೆ ನಿಲ್ದಾಣ. ಗೂಗಲ್ ಜೊತೆಗೂಡಿ ರೈಲ್ವೆಯದೇ ಆದ ರೈಲ್‌ಟೆಲ್ ಸಂಸ್ಥೆ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಉಚಿತ ವೈಫೈ ಶುರು ಮಾಡಿತು. 2018ರ ಹೊತ್ತಿಗೆ ಅದು 400 ನಿಲ್ದಾಣಗಳಿಗೆ ಮುಟ್ಟಿತು. 2020ರಲ್ಲಿ ಗೂಗಲ್ ಹಿಂದೆ ಸರಿಯಿತಾದರೂ ರೈಲ್‌ಟೆಲ್ ‘ರೈಲ್‌ವೈರ್’ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿ 6,000ಕ್ಕೂ ಹೆಚ್ಚು ನಿಲ್ದಾಣಗಳಿಗೆ ಒಯ್ದಿತು. 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ಯೋಜನೆಯಂತೆ ದಿನಕ್ಕೆ ಮೊದಲ 30 ನಿಮಿಷ ಉಚಿತ, ವೇಗ 1 ಎಂಬಿಪಿಎಸ್. ಅದಕ್ಕಿಂತ ಹೆಚ್ಚು ಬೇಕೆಂದರೆ 10 ರೂಪಾಯಿಗೆ ಒಂದು ದಿನ, 5 ಜಿಬಿ, 34 ಎಂಬಿಪಿಎಸ್ ವೇಗ. ಹೀಗೆ ಮೇಲಿನ ಪ್ಯಾಕುಗಳೂ ಬಂದವು.

ಮೂರನೆಯದು ‘ಪಿಎಂ–ವಾಣಿ’. ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರ್ 9ರಂದು ಒಪ್ಪಿದ ಈ ಯೋಜನೆಯಲ್ಲಿ ಕಿರಾಣಿ ಅಂಗಡಿ, ಚಹಾದ ಅಂಗಡಿ, ಹೋಟೆಲು ಯಾವುದೇ ಆಗಲಿ ಲೈಸೆನ್ಸ್ ಫೀ ಇಲ್ಲದೆ ವೈಫೈ ಕೊಡಬಹುದು. ಬಳಸುವವರು ಒಂದು ಆ್ಯಪ್ ಹಾಕಿಕೊಂಡು ಒಮ್ಮೆ ಗುರುತು ಖಚಿತಪಡಿಸಿದರೆ, ಹತ್ತಿರದ ವಾಣಿ ಕೇಂದ್ರ ಆ್ಯಪಿನಲ್ಲೇ ಕಾಣುತ್ತದೆ. ಸಾಮಾನ್ಯವಾಗಿ ಇದು ಪೂರ್ತಿ ಪುಕ್ಕಟೆಯಲ್ಲ, ಸಣ್ಣ ಮೊತ್ತದ ಪ್ಯಾಕ್ ಕೊಳ್ಳಬೇಕು.

ನಾಲ್ಕನೆಯದು ಗ್ರಾಮ ಪಂಚಾಯತಿ. ಹಳ್ಳಿಗಳಿಗೆ ಫೈಬರ್ ತರುವ ಯೋಜನೆಗೆ ಕೇಂದ್ರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಈಗಿನ ‘ಭಾರತ್‌ನೆಟ್’. ನಿಮ್ಮೂರ ಪಂಚಾಯತಿ ಕಚೇರಿಗೆ ಈ ಲೈನ್ ಬಂದಿದೆಯೇ, ಬಂದಿದ್ದರೆ ಜನರಿಗೆ ವೈಫೈ ಇದೆಯೇ ಎಂದು ಗ್ರಾಮಸೇವಕರನ್ನು ಕೇಳಿ ನೋಡಿ. ಊರಲ್ಲೇ ಇದ್ದರೆ ಸೊಲ್ಲಾಪುರದ ದಾರಿ ಕಾಯಬೇಕಾಗಿಲ್ಲ.

ಪುಕ್ಕಟೆ ಯಾಕೆ ಕೊಡುತ್ತಾರೆ?

ಹೋಟೆಲಿನವರಿಗೆ ತಿಂಗಳ ಬ್ರಾಡ್‌ಬ್ಯಾಂಡ್ ಬಿಲ್ಲು ಹೇಗೂ ಇದ್ದದ್ದೇ. ನಾಲ್ಕು ಜನ ಹೆಚ್ಚಿಗೆ ಬಳಸಿದರೂ ಅವರಿಗೆ ಬೇರೆ ಖರ್ಚು ಬರುವುದಿಲ್ಲ. ಗಿರಾಕಿ ಇನ್ನೊಂದು ಅರ್ಧ ತಾಸು ಕುಳಿತರೆ ಇನ್ನೊಂದು ಚಹಾ ಹೇಳಬಹುದು ಎಂಬುದು ಒಂದು ಲೆಕ್ಕ. ದೊಡ್ಡ ಮಳಿಗೆಗಳಿಗೆ ಇನ್ನೊಂದು ಲಾಭವೂ ಇದೆ. ವೈಫೈ ಕೊಡುವ ನೆಪದಲ್ಲಿ ಅವರಿಗೆ ನಿಮ್ಮ ಮೊಬೈಲ್ ನಂಬರ್ ಸಿಗುತ್ತದೆ. ‘ಆಫರುಗಳ ಸಂದೇಶ ಕಳಿಸಬಹುದು’ ಎಂಬ ಸಾಲಿನ ಮುಂದೆ ಮೊದಲೇ ಟಿಕ್ ಹಾಕಿಟ್ಟಿರುವುದೂ ಉಂಟು. ಅದು ಐಚ್ಛಿಕವಾಗಿದ್ದರೆ ಟಿಕ್ ತೆಗೆದು ಮುಂದೆ ಹೋಗಿ, ವೈಫೈ ಆಗಲೂ ಸಿಗುತ್ತದೆ.

ಒಳಗೆ ನಡೆಯುವುದೇನು?

ಅಂಗಡಿಯ ಗೋಡೆಯ ಮೇಲೋ ಚಾವಣಿಯಲ್ಲೋ ಇರುವ ರೌಟರ್ ಪೆಟ್ಟಿಗೆ ಫೈಬರ್ ತಂತಿಯಲ್ಲಿ ಬಂದ ಇಂಟರ್‌ನೆಟ್ಟನ್ನು ರೇಡಿಯೋ ತರಂಗ ಮಾಡಿ ಹರಡುತ್ತದೆ. ಹೆಚ್ಚಿನ ರೌಟರುಗಳು ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. 2.4 ಗಿಗಾಹರ್ಟ್ಸ್ ದೂರ ಮುಟ್ಟುತ್ತದೆ, ಗೋಡೆ ದಾಟುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಮುಟ್ಟುವ ದೂರ ಕಡಿಮೆ. ಪಟ್ಟಿಯಲ್ಲಿ ಒಂದೇ ಅಂಗಡಿಯ ಹೆಸರು ಎರಡು ಸಲ ಕಂಡು, ಒಂದರ ಮುಂದೆ ‘5ಜಿ’ ಎಂದಿದ್ದರೆ ಅದು ಸಾಮಾನ್ಯವಾಗಿ ಈ ಎರಡನೆಯ ಪಟ್ಟಿ. ಮೊಬೈಲಿನ 5ಜಿಗೂ ಅದಕ್ಕೂ ಸಂಬಂಧವಿಲ್ಲ. ರೌಟರಿನ ಹತ್ತಿರ ಕುಳಿತಿದ್ದರೆ ಅದನ್ನು ಆರಿಸಿ, ಮೂಲೆಯ ಟೇಬಲಿನಲ್ಲಿದ್ದರೆ ಇನ್ನೊಂದನ್ನು.

ಹೆಸರಿನ ಪಕ್ಕದಲ್ಲಿ ಬೀಗದ ಚಿತ್ರವಿದ್ದರೆ ಪಾಸ್‌ವರ್ಡ್ ಬೇಕು. ಫೋನು ಮತ್ತು ರೌಟರ್ ನಡುವಿನ ಸಂಕೇತ ಗೂಢಲಿಪಿಯಲ್ಲಿ ಹೋಗುತ್ತದೆ. ಬೀಗವಿಲ್ಲದಿದ್ದರೆ ಅದು ತೆರೆದ ಜಾಲ. ಎರಡರಲ್ಲೂ ಸೇರಿದ ಕೂಡಲೇ ಇನ್ನೊಂದು ಬಾಗಿಲು ಎದುರಾಗಬಹುದು: ಮೊಬೈಲ್ ನಂಬರ್ ಕೇಳುವ ಲಾಗಿನ್ ಪುಟ. ಈ ಪುಟ ತಾನಾಗಿ ಬರುವ ಬಗೆ ಹೀಗಿದೆ. ಹೊಸ ವೈಫೈ ಸೇರಿದ ತಕ್ಷಣ ಫೋನು ತನ್ನ ಕಂಪನಿಯ ಒಂದು ಸಣ್ಣ ವಿಳಾಸಕ್ಕೆ ಹೋಗಿ ಉತ್ತರ ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸುತ್ತದೆ. ಅಂಗಡಿಯ ರೌಟರ್ ಆ ವಿನಂತಿಯನ್ನು ತಡೆದು, ಉತ್ತರದ ಬದಲಿಗೆ ತನ್ನ ಪುಟವನ್ನು ಮುಂದಿಡುತ್ತದೆ. ನಿರೀಕ್ಷಿಸಿದ ಉತ್ತರ ಬಾರದ್ದನ್ನು ಕಂಡು ಫೋನು ‘ಸೈನ್ ಇನ್ ಟು ನೆಟ್‌ವರ್ಕ್’ ಎಂದು ತೋರಿಸುತ್ತದೆ. ನೀವು ನಂಬರ್ ಕೊಟ್ಟು, ಎಸ್‌ಎಂಎಸ್‌ನಲ್ಲಿ ಬಂದ ಒಟಿಪಿ ತುಂಬಿದ ಮೇಲೆ ರೌಟರ್ ನಿಮ್ಮ ಫೋನಿಗೆ ಇಂತಿಷ್ಟು ಹೊತ್ತು ಎಂದು ದಾರಿ ಬಿಡುತ್ತದೆ.

ಒಟಿಪಿ ಕೇಳುವುದಕ್ಕೆ ಗಟ್ಟಿ ಕಾರಣವಿದೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇ–ಮೇಲ್ ನವಿ ಮುಂಬೈಯ ಒಂದು ಮನೆಯ ಬೀಗವಿಲ್ಲದ ವೈಫೈಯಿಂದ ಹೋಗಿತ್ತು. ಮನೆಯವರಿಗೆ ಅದರ ಸುಳಿವೂ ಇರಲಿಲ್ಲ, ತನಿಖೆ ಮಾತ್ರ ಮೊದಲು ಅವರ ಬಾಗಿಲಿಗೇ ಬಂತು. ಇಂಥ ದುರ್ಬಳಕೆಯ ಬಳಿಕ ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿ, ಸಾರ್ವಜನಿಕ ವೈಫೈ ಬಳಸುವವರ ಗುರುತು ದಾಖಲಾಗಬೇಕೆಂದು ಹೇಳಿತು. ಗುರುತಿನ ಚೀಟಿಯ ನಕಲು ಇಲ್ಲವೇ ಮೊಬೈಲಿಗೆ ಎಸ್‌ಎಂಎಸ್, ಎರಡರಲ್ಲಿ ಒಂದು. ಹೋಟೆಲುಗಳಿಗೆ ಸುಲಭವಾದದ್ದು ಎರಡನೆಯದು. ಹೀಗಾಗಿ ನೀವು ಸೇರಿದ ಹೊತ್ತು ಮತ್ತು ನಿಮ್ಮ ನಂಬರ್ ಸೇವೆ ಕೊಡುವವರ ದಾಖಲೆಯಲ್ಲಿ ಉಳಿಯುತ್ತದೆ. ಪಕ್ಕದ ಟೇಬಲಿನ ಅಪರಿಚಿತರು ‘ನನ್ನ ಫೋನಿಗೆ ಒಟಿಪಿ ಬರುತ್ತಿಲ್ಲ, ನಿಮ್ಮದು ಕೊಡ್ರಿ’ ಎಂದರೆ ಒಪ್ಪಬೇಡಿ. ಅವರು ಮಾಡಿದ್ದೆಲ್ಲ ನಿಮ್ಮ ಹೆಸರಿಗೆ ಬರುತ್ತದೆ.

ಸೇರುವ ಕ್ರಮ

1. ಮೊದಲು ಕೌಂಟರಿನಲ್ಲಿ ಕೇಳಿ: ‘ನಿಮ್ಮ ವೈಫೈ ಹೆಸರು ಏನ್ರಿ?’ ಹೆಸರನ್ನು ಅಕ್ಷರ ಬಿಡದೆ ಕೇಳಿಕೊಳ್ಳಿ. ಪಾಸ್‌ವರ್ಡ್ ಬಿಲ್ಲಿನ ಮೇಲೆ, ಮೆನು ಕಾರ್ಡಿನಲ್ಲಿ ಅಥವಾ ಗೋಡೆಯ ಚೀಟಿಯಲ್ಲಿ ಇರಬಹುದು.

2. ಸೆಟ್ಟಿಂಗ್ಸ್‌ನಲ್ಲಿ ವೈಫೈ ಆನ್ ಮಾಡಿ, ಅದೇ ಹೆಸರನ್ನು ಆರಿಸಿ. ಹೆಸರು ಹೋಲುತ್ತದೆ, ಆದರೆ ಅದೇ ಅಲ್ಲ ಎಂದಾದರೆ ಸೇರಬೇಡಿ.

3. ಲಾಗಿನ್ ಪುಟ ಬಂದಾಗ ಮೊಬೈಲ್ ನಂಬರ್ ಮತ್ತು ಒಟಿಪಿ ಕೊಡಿ. ಹೆಸರು ಕೇಳಿದರೆ ಹೆಸರು. ಅಷ್ಟು ಸಾಕು.

4. ಒಟಿಪಿ ಬಂದ ಎಸ್‌ಎಂಎಸ್ ಓದಿ. ಅದರಲ್ಲಿ ವೈಫೈ ಎಂದೋ ಅಂಗಡಿಯ ಹೆಸರೋ ಇರಬೇಕು. ಬ್ಯಾಂಕಿನ ಹೆಸರು, ವಾಟ್ಸ್‌ಆ್ಯಪ್ ಹೆಸರು, ರೂಪಾಯಿಯ ಮೊತ್ತ ಏನಾದರೂ ಕಂಡರೆ ಆ ಒಟಿಪಿಯನ್ನು ತುಂಬಬೇಡಿ, ಕೂಡಲೇ ವೈಫೈ ಬಂದ್ ಮಾಡಿ.

5. ಕೆಲಸ ಮುಗಿದ ಮೇಲೆ ಆ ಹೆಸರನ್ನು ಒತ್ತಿ ‘ಫರ್ಗೆಟ್’ ಮಾಡಿ. ಮತ್ತೆಮತ್ತೆ ಹೋಗುವ ಅಂಗಡಿಯಾದರೆ ‘ಆಟೋ ಕನೆಕ್ಟ್’ ಆದರೂ ತೆಗೆದಿಡಿ.

ಕೊನೆಯ ಹಂತವನ್ನು ಬಹಳ ಜನ ಬಿಡುತ್ತಾರೆ. ಫೋನು ಹಳೆಯ ಜಾಲಗಳನ್ನು ಹೆಸರಿನಿಂದ ನೆನಪಿಡುತ್ತದೆ. ಬೀಗವಿಲ್ಲದ ಜಾಲವೊಂದಕ್ಕೆ ಒಮ್ಮೆ ಸೇರಿದ್ದರೆ, ಮುಂದೆ ಬೇರೆ ಊರಿನಲ್ಲಿ ಯಾರಾದರೂ ಅದೇ ಹೆಸರಿಟ್ಟು ಜಾಲ ತೆರೆದರೂ ಫೋನು ನಿಮ್ಮನ್ನು ಕೇಳದೆ ಅದಕ್ಕೆ ಸೇರಿಕೊಳ್ಳಬಹುದು.

ಪುಟವೇ ಬರದಿದ್ದರೆ

ವೈಫೈ ಸೇರಿದೆ, ಆದರೆ ಏನೂ ತೆರೆಯುತ್ತಿಲ್ಲ ಎಂಬುದು ಎಲ್ಲಕ್ಕಿಂತ ಸಾಮಾನ್ಯ ತೊಂದರೆ. ಹೆಚ್ಚಿನ ಸಲ ಲಾಗಿನ್ ಪುಟ ಬಾರದೇ ಇರುವುದೇ ಇದಕ್ಕೆ ಕಾರಣ. ಮೊದಲು ಮೊಬೈಲ್ ಡೇಟಾ ಬಂದ್ ಮಾಡಿ. ಡೇಟಾ ಆನ್ ಇದ್ದರೆ, ವೈಫೈಯಲ್ಲಿ ಇಂಟರ್‌ನೆಟ್ ಇಲ್ಲವೆಂದು ಕಂಡ ಫೋನು ಸದ್ದಿಲ್ಲದೆ ಡೇಟಾಕ್ಕೆ ಹೊರಳುತ್ತದೆ. ನೀವು ವೈಫೈ ಎಂದುಕೊಂಡು ಸ್ವಂತ ಡೇಟಾವನ್ನೇ ಖರ್ಚು ಮಾಡುತ್ತಿರುತ್ತೀರಿ. ವೈಫೈ ಗುರುತಿನ ಪಕ್ಕ ಆಶ್ಚರ್ಯಚಿಹ್ನೆ ಇದ್ದರೆ ಇದೇ ಸಮಸ್ಯೆ.

ಆಮೇಲೆ ವಿಪಿಎನ್ ಇದ್ದರೆ ಬಂದ್ ಮಾಡಿ. ಆಂಡ್ರಾಯ್ಡ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ಗೆ ನೀವು ಏನಾದರೂ ಹೆಸರು ಹಾಕಿದ್ದರೆ ಅದನ್ನು ಸದ್ಯಕ್ಕೆ ‘ಆಟೋಮ್ಯಾಟಿಕ್’ಗೆ ತನ್ನಿ. ಇವೆರಡೂ ರೌಟರ್ ತನ್ನ ಪುಟ ತೋರಿಸದಂತೆ ತಡೆಯುತ್ತವೆ. ಬಳಿಕ ಬ್ರೌಸರ್ ತೆರೆದು ‘ನೆವರ್ ಎಸ್‌ಎಸ್‌ಎಲ್ ಡಾಟ್ ಕಾಮ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಇದು ಇಂಥ ಲಾಗಿನ್ ಪುಟ ಹೊರಡಿಸಲೆಂದೇ ಇರುವ ತಾಣ. ಗೂಗಲ್, ಫೇಸ್‌ಬುಕ್ಕಿನಂಥ ಸುರಕ್ಷಿತ ತಾಣಗಳ ಬದಲಿಗೆ ಇನ್ನೊಂದು ಪುಟ ಬಂದರೆ ಬ್ರೌಸರ್ ಒಪ್ಪುವುದಿಲ್ಲ. ಬೀಗವಿಲ್ಲದ ಈ ಸಾದಾ ತಾಣವನ್ನು ಕೇಳಿದಾಗ ರೌಟರ್ ತನ್ನ ಪುಟವನ್ನು ಮುಂದಿಡಬಲ್ಲದು.

ಇಷ್ಟಾದರೂ ಬರದಿದ್ದರೆ ‘ಫರ್ಗೆಟ್’ ಮಾಡಿ ಮತ್ತೆ ಸೇರಿ. ಫೋನಿನ ತಾರೀಕು, ವೇಳೆ ಸರಿಯಾಗಿದೆಯೇ ನೋಡಿ. ತಾರೀಕು ತಪ್ಪಿದ್ದರೆ ಸುರಕ್ಷಿತ ತಾಣಗಳೆಲ್ಲ ಎಚ್ಚರಿಕೆ ತೋರಿಸುತ್ತವೆ. ಒಟಿಪಿಯೇ ಬರದಿದ್ದರೆ ಸಿಗ್ನಲ್ ಇಲ್ಲದಿರಬಹುದು. ಬಾಗಿಲ ಹತ್ತಿರ ಬಂದು ಎಸ್‌ಎಂಎಸ್ ತೆಗೆದುಕೊಳ್ಳಿ. ಒಟಿಪಿಗೆ ಬೇಕಾದದ್ದು ಡೇಟಾ ಅಲ್ಲ, ಸಿಮ್ಮಿನ ಸಿಗ್ನಲ್. ಎರಡು ಸಿಮ್ ಇದ್ದರೆ ಸಿಗ್ನಲ್ ಇರುವ ಸಿಮ್ಮಿನ ನಂಬರ್ ಕೊಡಿ.

ವೇಗದ ಲೆಕ್ಕ

ವೇಗವನ್ನು ಬಿಟ್ಟಿನಲ್ಲಿ ಹೇಳುತ್ತಾರೆ, ಫೈಲನ್ನು ಬೈಟಿನಲ್ಲಿ ಅಳೆಯುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. 1 ಎಂಬಿಪಿಎಸ್ ವೇಗದಲ್ಲಿ 8 ಸೆಕೆಂಡಿಗೆ 1 ಎಂಬಿ ಇಳಿಯುತ್ತದೆ. ರೈಲ್ವೆ ನಿಲ್ದಾಣದ ಉಚಿತ 30 ನಿಮಿಷದಲ್ಲಿ, ಎಲ್ಲ ಸರಿ ಇದ್ದರೂ, ಸಿಗುವುದು ಹೆಚ್ಚೆಂದರೆ 225 ಎಂಬಿ. ಸಿನಿಮಾಕ್ಕೆ ಅದು ಸಾಲದು. ಓದುವ ಮಕ್ಕಳಿಗೆ ಮಾತ್ರ ಬೇಕಾದಷ್ಟಾಯಿತು.

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕ ಅಚ್ಚು ಹಾಕುವುದು ಪುಣೆಯ ಬಾಲಭಾರತಿ. ಆ ಕನ್ನಡ ಪುಸ್ತಕಗಳ ಪಿಡಿಎಫ್ ಬಾಲಭಾರತಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ಪುಸ್ತಕ 20 ಎಂಬಿ ಇದೆ ಎಂದುಕೊಂಡರೆ 1 ಎಂಬಿಪಿಎಸ್‌ನಲ್ಲಿ 160 ಸೆಕೆಂಡು, ಅಂದರೆ ಮೂರು ನಿಮಿಷದೊಳಗೆ ಇಳಿಯುತ್ತದೆ. ಒಂದು ವರ್ಗದ ಎಲ್ಲ ಪುಸ್ತಕಗಳೂ ಆ ಅರ್ಧ ತಾಸಿನಲ್ಲಿ ಫೋನಿಗೆ ಬರುತ್ತವೆ. ಒಮ್ಮೆ ಇಳಿಸಿಕೊಂಡರೆ ಮನೆಯಲ್ಲಿ ನೆಟ್ ಇಲ್ಲದೆಯೂ ಓದಬಹುದು, ಬ್ಲೂಟೂತಿನಲ್ಲಿ ಗೆಳೆಯರಿಗೂ ಕಳಿಸಬಹುದು. ಹಳೆಯ ಪ್ರಶ್ನೆಪತ್ರಿಕೆ, ಪರೀಕ್ಷೆಯ ಹಾಲ್‌ಟಿಕೆಟ್, ವಿಶ್ವವಿದ್ಯಾಲಯದ ಪಠ್ಯಕ್ರಮ ಎಲ್ಲಕ್ಕೂ ಇದೇ ದಾರಿ.

ಹೋಟೆಲಿನ ವೈಫೈ ಸಾಮಾನ್ಯವಾಗಿ ಇದಕ್ಕಿಂತ ಚುರುಕು, ಆದರೆ ಕುಳಿತವರೆಲ್ಲ ಅದನ್ನು ಹಂಚಿಕೊಳ್ಳಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ನಿಧಾನವಾಗುತ್ತದೆ, ಮೂರು ಗಂಟೆಯ ನಂತರ ಸುಧಾರಿಸುತ್ತದೆ. ಹೋಗುವ ಮೊದಲೇ ಏನು ಇಳಿಸಬೇಕೆಂದು ಪಟ್ಟಿ ಮಾಡಿಕೊಳ್ಳಿ. ಪ್ಲೇ ಸ್ಟೋರಿನಲ್ಲಿ ಆ್ಯಪ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವುದನ್ನು ಆ ಹೊತ್ತಿಗೆ ನಿಲ್ಲಿಸಿ. ಇಲ್ಲದಿದ್ದರೆ ವೈಫೈ ಸಿಕ್ಕ ಕೂಡಲೇ ಅಪ್‌ಡೇಟ್‌ಗಳೇ ವೇಗವನ್ನೆಲ್ಲ ತಿನ್ನುತ್ತವೆ, ನಿಮ್ಮ ಪುಸ್ತಕ ಹಿಂದೆ ಬೀಳುತ್ತದೆ.

ಅಪಾಯ ನಿಜವಾಗಿ ಎಲ್ಲಿದೆ?

ಹಿಂದೆ ತೆರೆದ ವೈಫೈ ನಿಜಕ್ಕೂ ಅಪಾಯದ ಜಾಗವಾಗಿತ್ತು. 2010ರ ಅಕ್ಟೋಬರ್‌ನಲ್ಲಿ ‘ಫೈರ್‌ಶೀಪ್’ ಎಂಬ ಸಣ್ಣ ತಂತ್ರಾಂಶ ಬಂತು. ಒಂದೇ ವೈಫೈಯಲ್ಲಿ ಕುಳಿತ ಇನ್ನೊಬ್ಬರ ಫೇಸ್‌ಬುಕ್ ಖಾತೆಯೊಳಗೆ ಒಂದು ಕ್ಲಿಕ್ಕಿನಲ್ಲಿ ನುಗ್ಗಬಹುದೆಂದು ಅದು ತೋರಿಸಿಕೊಟ್ಟಿತು. ಅಂದಿನ ತಾಣಗಳು ಲಾಗಿನ್ ಆದ ಮೇಲೆ ಮಾಹಿತಿಯನ್ನು ಬಯಲಾಗಿಯೇ ಕಳಿಸುತ್ತಿದ್ದದ್ದು ಅದಕ್ಕೆ ಕಾರಣ. ಅದರಿಂದ ಎಚ್ಚೆತ್ತ ಕಂಪನಿಗಳು ಒಂದೊಂದಾಗಿ ಎಚ್‌ಟಿಟಿಪಿಎಸ್‌ಗೆ ಬದಲಾದವು. 2016ರಲ್ಲಿ ವಾಟ್ಸ್‌ಆ್ಯಪ್ ಎಲ್ಲ ಸಂದೇಶಗಳನ್ನು ಕಳಿಸುವವರ ಫೋನಿನಿಂದ ಪಡೆಯುವವರ ಫೋನಿನವರೆಗೆ ಗೂಢಲಿಪಿಯಲ್ಲಿ ಒಯ್ಯತೊಡಗಿತು. 2018ರ ಜುಲೈನಿಂದ ಕ್ರೋಮ್ ಬ್ರೌಸರ್, ಎಚ್‌ಟಿಟಿಪಿಎಸ್ ಇಲ್ಲದ ತಾಣಗಳ ಮೇಲೆ ‘ಸುರಕ್ಷಿತವಲ್ಲ’ ಎಂಬ ಗುರುತು ಹಾಕತೊಡಗಿತು.

ಎಚ್‌ಟಿಟಿಪಿಎಸ್ ಎಂದರೆ ಎಸ್‌ಟಿ ಬಸ್ಸಿನಲ್ಲಿ ಹೊಲಿದು ಕಳಿಸಿದ ಪಾರ್ಸೆಲ್ ಇದ್ದಹಾಗೆ. ಎಲ್ಲಿಗೆ ಹೋಗುತ್ತಿದೆ ಎಂಬ ವಿಳಾಸ ಕಂಡಕ್ಟರನಿಗೆ ಕಾಣುತ್ತದೆ, ಒಳಗೇನಿದೆ ಎಂಬುದು ಕಾಣುವುದಿಲ್ಲ. ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಅಂಗಡಿಯ ರೌಟರಿಗೆ ತಿಳಿಯಬಹುದು. ಅಲ್ಲಿ ಏನು ಓದಿದಿರಿ, ಯಾವ ಪಾಸ್‌ವರ್ಡ್ ಕೊಟ್ಟಿರಿ ಎಂಬುದು ತಿಳಿಯುವುದಿಲ್ಲ.

ಗಾಳಿಯಲ್ಲಿ ಹೋಗುವ ಮಾಹಿತಿಯನ್ನು ಕದಿಯುವುದು ಹೀಗೆ ಕಷ್ಟವಾಯಿತು. ಆದ್ದರಿಂದ ವಂಚಕರು ಈಗ ನಿಮ್ಮ ಕೈಯಿಂದಲೇ ಮಾಹಿತಿ ತೆಗೆದುಕೊಳ್ಳಲು ನೋಡುತ್ತಾರೆ. ಇದಕ್ಕೆ ಮೂರು ದಾರಿಗಳಿವೆ.

*ಸುಳ್ಳು ಹೆಸರಿನ ಜಾಲ.* ವೈಫೈಗೆ ಯಾರು ಯಾವ ಹೆಸರನ್ನೂ ಇಡಬಹುದು. ಅಂಗಡಿಯ ಹೆಸರನ್ನೇ ಇಟ್ಟು ಪಕ್ಕದ ಟೇಬಲಿನಿಂದ ಒಂದು ಫೋನಿನ ಹಾಟ್‌ಸ್ಪಾಟ್ ತೆರೆದರೂ ಪಟ್ಟಿಯಲ್ಲಿ ಅದು ಅಂಗಡಿಯದ್ದೇ ಎಂಬಂತೆ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಇಂಥದೇ ಪ್ರಕರಣ ಬಯಲಾಯಿತು. ವಿಮಾನದೊಳಗೆ ಅನುಮಾನದ ವೈಫೈ ಹೆಸರೊಂದನ್ನು ಸಿಬ್ಬಂದಿ ಗಮನಿಸಿ ದೂರು ಕೊಟ್ಟರು. ಪರ್ತ್, ಮೆಲ್ಬರ್ನ್, ಅಡಿಲೇಡ್ ವಿಮಾನ ನಿಲ್ದಾಣಗಳಲ್ಲೂ ಅಂಥ ನಕಲಿ ಜಾಲ ಹರಡಿದ ಆರೋಪ ಒಬ್ಬನ ಮೇಲೆ ಬಂತು. ಸೇರಿದವರಿಗೆ ಇ–ಮೇಲ್ ಅಥವಾ ಸೋಷಿಯಲ್ ಮೀಡಿಯಾದ ಪಾಸ್‌ವರ್ಡ್ ಕೇಳುವ ಪುಟ ಎದುರಾಗುತ್ತಿತ್ತು. ಕೌಂಟರಿನಲ್ಲಿ ಹೆಸರು ಕೇಳಿ ಎಂದು ಮೇಲೆ ಹೇಳಿದ್ದು ಇದಕ್ಕೇ.

*ಮಿತಿಮೀರಿ ಕೇಳುವ ಪುಟ.* ವೈಫೈಗೆ ಬೇಕಾದದ್ದು ಮೊಬೈಲ್ ನಂಬರ್ ಮತ್ತು ಅದರ ಒಟಿಪಿ. ಜಿಮೇಲ್ ಪಾಸ್‌ವರ್ಡ್, ಆಧಾರ್ ಸಂಖ್ಯೆ, ಎಟಿಎಂ ಕಾರ್ಡಿನ ನಂಬರ್, ಯುಪಿಐ ಪಿನ್ ಇವುಗಳಲ್ಲಿ ಯಾವುದನ್ನು ಕೇಳಿದರೂ ಅಲ್ಲಿಂದ ಹೊರಗೆ ಬನ್ನಿ. ‘ವೈಫೈ ಬೇಕಾದರೆ ಈ ಆ್ಯಪ್ ಹಾಕಿಕೊಳ್ಳಿ’ ಎಂದು ಪ್ಲೇ ಸ್ಟೋರಿನ ಹೊರಗಿನ ಎಪಿಕೆ ಫೈಲ್ ಕೊಟ್ಟರೂ ಅಷ್ಟೇ. ಅಂಥ ಆ್ಯಪ್ ಫೋನಿನ ಎಸ್‌ಎಂಎಸ್ ಓದುವ ಅನುಮತಿ ಪಡೆದರೆ ಮುಂದೆ ಬರುವ ಬ್ಯಾಂಕಿನ ಒಟಿಪಿಗಳೂ ಅದರ ಕೈಗೆ ಸಿಗುತ್ತವೆ.

*ನಾವೇ ದಾಟಿಹೋಗುವ ಎಚ್ಚರಿಕೆ.* ‘ನಿಮ್ಮ ಸಂಪರ್ಕ ಖಾಸಗಿಯಲ್ಲ’ ಎಂದು ಬ್ರೌಸರ್ ಕೆಂಪು ಚಿಹ್ನೆ ತೋರಿಸಿದರೆ, ನೀವು ಕೇಳಿದ ತಾಣ ತನ್ನ ಗುರುತನ್ನು ಸಾಬೀತು ಮಾಡಿಲ್ಲ ಎಂದರ್ಥ. ನಡುವೆ ಯಾರೋ ನಿಂತಿರಬಹುದು. ‘ಆದರೂ ಮುಂದುವರಿಯಿರಿ’ ಎಂಬುದನ್ನು ಒತ್ತಿದರೆ ಹೊಲಿಗೆ ಬಿಚ್ಚಿ ಕೊಟ್ಟಂತೆಯೇ. ಹಿಂದೆ ಬನ್ನಿ, ವೈಫೈ ಬಂದ್ ಮಾಡಿ, ಸ್ವಂತ ಡೇಟಾದಲ್ಲಿ ತೆರೆದು ನೋಡಿ.

ಫೋನ್‌ಪೇ, ಗೂಗಲ್‌ಪೇ ಮಾಡಬಹುದೇ?

ಯುಪಿಐ ಆ್ಯಪ್ ಸಿಮ್ ಮತ್ತು ಫೋನಿಗೆ ಬೆಸೆದುಕೊಂಡಿರುತ್ತದೆ. ನೀವು ಒತ್ತುವ ಪಿನ್ ಫೋನಿನಲ್ಲೇ ಗೂಢಲಿಪಿಯಾಗಿ ಹೊರಡುತ್ತದೆ. ಆದ್ದರಿಂದ ವೈಫೈಯಲ್ಲಿ ಇದ್ದ ಮಾತ್ರಕ್ಕೆ ಹಣ ಹೋಗುವುದಿಲ್ಲ. ಆದರೂ ಹಣದ ಕೆಲಸಕ್ಕೆ ಸ್ವಂತ ಡೇಟಾ ಬಳಸುವುದೇ ಮೇಲು ಎಂಬುದು ನನ್ನ ಸಲಹೆ. ಉಚಿತ ವೈಫೈಗೆ ಹೊತ್ತಿನ ಮಿತಿ ಇರುತ್ತದೆ, ಜನ ಹೆಚ್ಚಾದರೆ ಸಂಪರ್ಕ ಕಡಿಯುತ್ತದೆ. ಪಿನ್ ಒತ್ತಿದ ಮೇಲೆ ಸಂಪರ್ಕ ಹೋದರೆ ಹಣ ಖಾತೆಯಿಂದ ಹೋಯಿತೋ, ಅಂಗಡಿಗೆ ಮುಟ್ಟಿತೋ ಎಂದು ತಿಳಿಯದೆ ಎರಡನೆಯ ಸಲ ಕಳಿಸುವಂತಾಗುತ್ತದೆ. ಒಂದು ಯುಪಿಐ ಪಾವತಿಗೆ ಬೇಕಾದ ಡೇಟಾ ತೀರ ಕಡಿಮೆ. ಹಣದ ಕೆಲಸಕ್ಕೆಂದು ಸ್ವಲ್ಪ ಡೇಟಾ ಉಳಿಸಿಕೊಂಡು ಉಳಿದ ಭಾರವನ್ನು ವೈಫೈ ಮೇಲೆ ಹಾಕುವುದು ಜಾಣತನ.

ಬ್ರೌಸರಿನಲ್ಲಿ ಬ್ಯಾಂಕಿನ ತಾಣ ತೆರೆಯುವುದು, ಕಾರ್ಡ್ ನಂಬರ್ ಬರೆಯುವುದು, ಪಾಸ್‌ವರ್ಡ್ ಬದಲಿಸುವುದು, ಆಧಾರ್ ಜೋಡಿಸಿದ ಅರ್ಜಿ ತುಂಬುವುದು ಇವನ್ನೂ ಮನೆಗೆ ಬಿಡಿ. ಪುಸ್ತಕ, ವಿಡಿಯೊ ಪಾಠ, ಸುದ್ದಿ, ನಕ್ಷೆ, ರೈಲು ವೇಳೆ, ವಾಟ್ಸ್‌ಆ್ಯಪ್ ಮಾತು, ಫೋಟೊ ಕಳಿಸುವುದು ಇವನ್ನು ಹೋಟೆಲಿನ ವೈಫೈಯಲ್ಲಿ ಧಾರಾಳವಾಗಿ ಮಾಡಿ. ಲ್ಯಾಪ್‌ಟಾಪ್ ತಂದವರು ವಿಂಡೋಸ್ ಕೇಳಿದಾಗ ‘ಪಬ್ಲಿಕ್ ನೆಟ್‌ವರ್ಕ್’ ಎಂದೇ ಆರಿಸಿ. ಆಗ ಅದೇ ಜಾಲದ ಬೇರೆ ಕಂಪ್ಯೂಟರುಗಳಿಗೆ ನಿಮ್ಮದು ಕಾಣದು, ನಿಮ್ಮ ಫೈಲುಗಳೂ ಸಿಗವು. ಫೋನಿನ ತಂತ್ರಾಂಶವನ್ನು ಆಗಾಗ ಅಪ್‌ಡೇಟ್ ಮಾಡಿಟ್ಟಿರಿ.

ಹೋಟೆಲ್ ನಡೆಸುವವರಿಗೆ ಒಂದಿಷ್ಟು

ಅಕ್ಕಲಕೋಟ ಸ್ವಾಮಿ ಸಮರ್ಥರ ಕ್ಷೇತ್ರ. ದೂರದೂರಿನ ಯಾತ್ರಿಕರು ಬರುವ ಊರು. ಅಲ್ಲಿನ ಊಟದ ಮನೆ, ಲಾಡ್ಜು, ಚಹಾದ ಅಂಗಡಿಗಳು ವೈಫೈ ಕೊಡುವುದಾದರೆ ನಾಲ್ಕು ಕೆಲಸ ತಪ್ಪದೆ ಮಾಡಬೇಕು. ಗಿರಾಕಿಗಳಿಗೆ ‘ಗೆಸ್ಟ್ ನೆಟ್‌ವರ್ಕ್’ ಬೇರೆ ತೆರೆಯಿರಿ. ಬಿಲ್ಲಿಂಗ್ ಕಂಪ್ಯೂಟರ್, ಸಿಸಿ ಕ್ಯಾಮೆರಾ ಇರುವ ಜಾಲಕ್ಕೆ ಅವರನ್ನು ಸೇರಿಸಬೇಡಿ. ರೌಟರಿನ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ವೈಫೈ ಹೆಸರನ್ನು ದೊಡ್ಡ ಅಕ್ಷರದಲ್ಲಿ, ಕನ್ನಡ–ಮರಾಠಿ ಸೂಚನೆಯೊಂದಿಗೆ ಬರೆದು ಅಂಟಿಸಿ. ಬಳಸುವವರ ಗುರುತು ದಾಖಲಾಗುವ ಒಟಿಪಿ ವ್ಯವಸ್ಥೆಯನ್ನು ಸೇವಾದಾರರಿಂದಲೇ ಹಾಕಿಸಿಕೊಳ್ಳಿ, ಇಲ್ಲವೇ ಪಿಎಂ–ವಾಣಿಗೆ ಸೇರಿ. ವಾಣಿಯಲ್ಲಿ ಗುರುತು ನೋಡುವ ಹೊಣೆ ನಿಮ್ಮ ಮೇಲೆ ಬೀಳುವುದಿಲ್ಲ; ಆ್ಯಪ್ ಮತ್ತು ಅಂಗಡಿಗಳನ್ನು ಒಟ್ಟುಗೂಡಿಸುವ ವಾಣಿ ಸಂಸ್ಥೆ ಅದನ್ನು ನೋಡಿಕೊಳ್ಳುತ್ತವೆ. ವಾಣಿ ಅಂಗಡಿಗಳಿಗೆ ಲೈನಿನ ಬಾಡಿಗೆ ಹೆಚ್ಚಾಗುತ್ತಿತ್ತು ಎಂಬ ಕೊರತೆಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಉತ್ತರ ಕೊಟ್ಟಿದೆ: 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಮನೆಬಳಕೆಯ ದರದ ಎರಡು ಪಟ್ಟು ಮೀರಿ ವಸೂಲಿ ಮಾಡುವಂತಿಲ್ಲ.

ಬಳಸುವವರಿಗೂ ರೀತಿ ಇದೆ. ಏನಾದರೂ ಕೊಂಡು ಕುಳಿತುಕೊಳ್ಳಿ. ಊಟದ ಹೊತ್ತಿಗೆ ಜನ ನಿಂತಿದ್ದರೆ ಟೇಬಲ್ ಬಿಟ್ಟುಕೊಡಿ. ವಿಡಿಯೊ ನೋಡುವಾಗ ಇಯರ್‌ಫೋನ್ ಹಾಕಿಕೊಳ್ಳಿ.

ಏನಾದರೂ ಎಡವಟ್ಟಾದರೆ

ಅನುಮಾನದ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ಮೊದಲು ವೈಫೈ ಬಂದ್ ಮಾಡಿ, ಸ್ವಂತ ಡೇಟಾದಲ್ಲಿ ಆ ಖಾತೆಯ ಪಾಸ್‌ವರ್ಡ್ ಬದಲಿಸಿ, ‘ಎಲ್ಲ ಸಾಧನಗಳಿಂದ ಲಾಗ್ ಔಟ್’ ಎಂಬುದನ್ನು ಒತ್ತಿ. ಅದೇ ಪಾಸ್‌ವರ್ಡನ್ನು ಬೇರೆ ಕಡೆ ಇಟ್ಟಿದ್ದರೆ ಅಲ್ಲಿಯೂ ಬದಲಿಸಿ. ಎಪಿಕೆ ಹಾಕಿಕೊಂಡಿದ್ದರೆ ತೆಗೆದುಹಾಕಿ, ಬ್ಯಾಂಕಿಗೆ ಬೇರೆ ಫೋನಿನಿಂದ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ಸಹಾಯವಾಣಿ, ಸಿಮ್ ಮಹಾರಾಷ್ಟ್ರದ್ದಾಗಲಿ ಕರ್ನಾಟಕದ್ದಾಗಲಿ ನಡೆಯುತ್ತದೆ. ಕರೆ ಎಷ್ಟು ಬೇಗ ಹೋಗುತ್ತದೋ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ನಾಚಿಕೊಂಡು ಸುಮ್ಮನಿದ್ದರೆ ವಂಚಕನಿಗೇ ಲಾಭ.

ಮನೆಯ ಹಿರಿಯರಿಗೆ, ಹೊಸದಾಗಿ ಫೋನ್ ಹಿಡಿದ ಮಕ್ಕಳಿಗೆ ಮೂರು ಮಾತು ಕಲಿಸಿ: ಹೆಸರು ಕೇಳಿಯೇ ವೈಫೈ ಸೇರುವುದು, ನಂಬರ್ ಮತ್ತು ಅದರ ಒಟಿಪಿಗಿಂತ ಹೆಚ್ಚಿನದೇನನ್ನೂ ಕೊಡದಿರುವುದು, ಕೆಂಪು ಎಚ್ಚರಿಕೆ ಕಂಡರೆ ಹಿಂದೆ ಬರುವುದು. ಇಷ್ಟು ರೂಢಿಯಾದರೆ ಸೊಲ್ಲಾಪುರದ ಯಾವ ಹೋಟೆಲಿನ ವೈಫೈಗೂ ಹೆದರಬೇಕಾಗಿಲ್ಲ. ಮುಂದಿನ ಸಲ ಪೇಟೆಗೆ ಹೋದಾಗ ಮಗಳ ವರ್ಗದ ಕನ್ನಡ ಪುಸ್ತಕಗಳನ್ನು ಇಳಿಸಿಕೊಂಡು ಬನ್ನಿ; ಪಾಸ್‌ವರ್ಡ್ ಮತ್ತು ಪಿನ್ ನಿಮ್ಮ ಬಳಿಯೇ ಇರಲಿ.